ಯಾಗಪ್ಪ ಮೇಷ್ಟ್ರು ಕೊಟ್ಟ ಪಾಪಕ್ಷಮೆ

ಗೌಡಗೆರೆಯ ಆಚೆ, ಮಧುಗಿರಿಯ ಬೆಟ್ಟ ತೆಳು ನೀಲಿಯಾಗಿ ಕಾಣುವಷ್ಟು ದೂರದಲ್ಲಿ, ಆಗ ಒಂದು ಸಣ್ಣ ಪಾಳ್ಯವಿತ್ತು. ಸರ್ಕಾರದ ಲೆಕ್ಕದಲ್ಲಿ ಅದಕ್ಕೆ ಏನು ಹೆಸರಿತ್ತೋ, ಸುತ್ತಲಿನವರು ಸಾಮಿಪಾಳ್ಯ ಅನ್ನುತ್ತಿದ್ದರು. ಧಾತು ಸಂವತ್ಸರದ ದೊಡ್ಡ ಬರದಲ್ಲಿ ಹೆತ್ತವರು ಸತ್ತು ದಾರಿಯ ಪಕ್ಕ ಬಿದ್ದಿದ್ದ ಮಕ್ಕಳನ್ನು ಪರದೇಶದ ಪಾದ್ರಿಯೊಬ್ಬರು ಗಾಡಿಯಲ್ಲಿ ತುಂಬಿಕೊಂಡು ಹೋಗಿ ಸಾಕಿದ್ದರು. ಆ ಮಕ್ಕಳು ಬೆಳೆದ ಮೇಲೆ ಅವರವರಲ್ಲೇ ಮದುವೆ ಮಾಡಿಸಿ, ಇಲ್ಲಿ ಒಂದಿಷ್ಟು ಬೆದ್ದಲು ಹೊಲ ಹಿಡಿಸಿ ನೆಲೆ ನಿಲ್ಲಿಸಿದರು. ಹಾಗೆ ಹುಟ್ಟಿದ ಊರು ಅದು. ಅಲ್ಲಿನವರಿಗೆ ತಮ್ಮ ಕುಲ ಯಾವುದೆಂದು ಗೊತ್ತಿರಲಿಲ್ಲ, ಮನೆದೇವರು ಇರಲಿಲ್ಲ, ಹಬ್ಬಕ್ಕೆ ಕರೆಯಲು ಸೋದರಮಾವ ಇರಲಿಲ್ಲ. ಸಂತೆಯಲ್ಲಿ ಯಾರಾದರೂ ನೀವು ಯಾವ ಪೈಕಿ ಎಂದು ಕೇಳಿದರೆ "ನಾವು ಸಾಮ್ಯೋರ ಮಕ್ಕಳು" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳಲು ಅವರ ಹತ್ತಿರ ಏನೂ ಇರಲಿಲ್ಲ.

ಆ ಊರಿನ ಸ್ಕೂಲಿಗೆ ಮೇಷ್ಟ್ರಾಗಿದ್ದವನು ಯಾಗಪ್ಪ. ಅವನೂ ಬರದ ಕೂಸೇ. ಸಿರಾದ ಕೆರೆ ಏರಿಯ ಮೇಲೆ, ಸತ್ತು ಬಿದ್ದಿದ್ದ ಒಬ್ಬ ಹೆಂಗಸಿನ ಪಕ್ಕದಲ್ಲಿ ಸಿಕ್ಕಿದ್ದನಂತೆ. ಆ ಹೆಂಗಸು ಅವನ ತಾಯಿಯೋ ಅಲ್ಲವೋ, ಹೇಳುವವರು ಯಾರೂ ಉಳಿದಿರಲಿಲ್ಲ. ಓದಿನಲ್ಲಿ ಚುರುಕಾಗಿದ್ದುದರಿಂದ ಮೀಸೆ ಚಿಗುರುವ ಹೊತ್ತಿಗೆ ಅವನನ್ನು ಪಾದ್ರಿಗಳಾಗುವವರು ಓದುವ ಗುರುಮಠಕ್ಕೆ ಕಳಿಸಿದರು. ಅಲ್ಲಿ ಲ್ಯಾಟಿನ್ ಕಲಿತ, ಪೂಜೆಯ ಮಂತ್ರಗಳನ್ನು ಬಾಯಿಪಾಠ ಮಾಡಿದ, ಒಂದು ದಿನ ತಾನೂ ನಿಲುವಂಗಿ ತೊಟ್ಟು ಪೀಠದ ಮುಂದೆ ನಿಲ್ಲುತ್ತೇನೆಂದು ನಂಬಿಕೊಂಡ. ಕೆಲವು ವರ್ಷ ಕಳೆದ ಮೇಲೆ ಅಲ್ಲಿನ ಹಿರಿಯರೊಬ್ಬರು ಕರೆದು ಕೂರಿಸಿಕೊಂಡು, ಹುಟ್ಟಿನ ವಿವರ ಗೊತ್ತಿಲ್ಲದವನಿಗೆ ಗುರುಪಟ್ಟ ಸಿಗುವುದು ಕಷ್ಟ ಎಂದು ಮೆತ್ತಗೆ ಹೇಳಿ, ಸಾಮಿಪಾಳ್ಯದಲ್ಲಿ ಮೇಷ್ಟ್ರು ಬೇಕಾಗಿದ್ದಾರೆ ಎಂದು ಸೇರಿಸಿದರು. ಯಾಗಪ್ಪ ಬಟ್ಟೆಯ ಗಂಟು ಹೊತ್ತುಕೊಂಡು ಬಂದುಬಿಟ್ಟ.

ಸ್ಕೂಲು ಅಂದರೆ ಹೆಂಚು ಹೊದಿಸಿದ ಒಂದೇ ಉದ್ದನೆಯ ಕೋಣೆ. ಅದೇ ದೇವಾಲಯ ಕೂಡ. ಮೂಡಲ ತುದಿಯಲ್ಲಿ ಮಣ್ಣಿನ ಪೀಠ, ಅದರ ಮೇಲೆ ಶಿಲುಬೆ, ದೇವಮಾತೆಯ ಒಂದು ಪಟ. ವಾರದ ದಿನಗಳಲ್ಲಿ ಪೀಠದ ಮುಂದೆ ಪರದೆ ಎಳೆದು ಮಕ್ಕಳನ್ನು ಕೂರಿಸುವುದು. ಭಾನುವಾರ ಪರದೆ ಸರಿಸಿ ಜನ ಸೇರುವುದು. ಬೆಳಿಗ್ಗೆ ಜಪ, ಆಮೇಲೆ ದೇವರ ಪಾಠ, ಆಮೇಲೆ ಮರಳಿನ ಮೇಲೆ ಅಕ್ಷರ, ಮಗ್ಗಿ. ಪಕ್ಕದ ದೊಡ್ಡೂರಿನ ಓಬಳಯ್ಯನಂಥವರು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸುತ್ತಿದ್ದರು. ದೇವರ ಪಾಠ ಮುಗಿಯುವವರೆಗೆ ಆ ಮಕ್ಕಳು ಹೊರಗೆ ಹೊಂಗೆಯ ನೆರಳಿನಲ್ಲಿ ಕೂತು, ಒಳಗಿನವರಿಗಿಂತ ಚೆನ್ನಾಗಿ ಪರಲೋಕ ಮಂತ್ರ ಕಲಿತುಬಿಡುತ್ತಿದ್ದರು.

ಪೂಜೆ ಮಾಡಲು ತಿಂಗಳಿಗೊಮ್ಮೆ ಕುದುರೆಯ ಮೇಲೆ ಬರುತ್ತಿದ್ದವರು ಜ್ಞಾನಪ್ರಕಾಶ ಸ್ವಾಮಿಗಳು. ಹೆಸರು ಇಲ್ಲಿನದು, ಮನುಷ್ಯ ಫ್ರಾನ್ಸ್ ದೇಶದವರು. ಅವರಿಲ್ಲದ ದಿನಗಳಲ್ಲಿ ಜಪ ನಡೆಸುವುದು, ಸಾಯುವ ಕೂಸಿಗೆ ತಲೆಗೆ ನೀರೆರೆದು ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವುದು, ಇವೆಲ್ಲ ಉಪದೇಶಿಯ ಕೆಲಸ. ಆ ಉಪದೇಶಿಯೂ ಯಾಗಪ್ಪನೇ. ಅವನ ಹೆಂಡತಿ ರೋಸಮ್ಮ ಇದಕ್ಕೆ ನಗುತ್ತಿದ್ದಳು. ಅವಳೂ ಕನ್ಯಾಸ್ತ್ರೀಯರು ಸಾಕಿದ ಹುಡುಗಿ, ಬಾಯಿ ಸ್ವಲ್ಪ ಜೋರು. ಗಂಡ ಭಾನುವಾರ ಮಡಿ ಪಂಚೆ ಉಟ್ಟು ಹೊರಟರೆ "ಅರ್ಧ ಸಾಮ್ಯೋರು ಹೊಂಟ್ರು ನೋಡಮ್ಮ" ಎಂದು ಮಗಳಿಗೆ ತೋರಿಸುತ್ತಿದ್ದಳು. ಯಾಗಪ್ಪ ನಗುತ್ತಿದ್ದ. ಆ ಮಾತು ಎಲ್ಲಿ ಚುಚ್ಚುತ್ತದೆಂದು ಅವಳಿಗೆ ಹೇಳಿದವನಲ್ಲ.

ಅವರಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳು ನಡೆಯುವ ಮೊದಲೇ ಹೋದವು. ಉಳಿದವಳು ತೆರೇಸ ಒಬ್ಬಳೇ.

ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ ಜ್ಞಾನಪ್ರಕಾಶ ಸ್ವಾಮಿಗಳು ಹೇಳಿಕಳಿಸದೆ ಬಂದರು. ಪೂಜೆ ಮಾಡಿ, ಜನರನ್ನೆಲ್ಲ ಕೂರಿಸಿ, ತಮ್ಮ ದೇಶದಿಂದ ಕರೆ ಬಂದಿದೆ, ಪಾದ್ರಿಗಳೂ ದಂಡಿಗೆ ಹೋಗಬೇಕಂತೆ ಎಂದರು. ಮುದುಕಿಯರು ಅವರ ಕಾಲು ಹಿಡಿದುಕೊಂಡು ಬಿಡಲೇ ಇಲ್ಲ. ಹೊರಡುವಾಗ ಅವರು ಯಾಗಪ್ಪನ ಹೆಗಲ ಮೇಲೆ ಕೈಯಿಟ್ಟು ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು:

"ಯುದ್ಧ ಮುಗಿದ ಕೂಡಲೇ ಬರುತ್ತೇನೆ. ಅಲ್ಲಿಯವರೆಗೆ ಇವರು ನಿನ್ನ ವಶ. ನೋಡಿಕೊ."

ಯುದ್ಧ ಬೇಗ ಮುಗಿಯಲಿಲ್ಲ. ತುಮಕೂರಿನಲ್ಲಿ ಉಳಿದಿದ್ದ ಒಬ್ಬರೇ ಸ್ವಾಮಿಗಳಿಗೆ ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲವೂ ಬಿತ್ತು. ಅವರು ಸಾಮಿಪಾಳ್ಯಕ್ಕೆ ಬರುವುದು ವರ್ಷಕ್ಕೊಮ್ಮೆ ಆಯಿತು, ಆಮೇಲೆ ಅದೂ ತಪ್ಪಿತು. ಮದುವೆಗಳು ಕಾದವು, ಕಾದು ಬೇಸತ್ತ ಕೆಲವರು ಹಾಗೇ ಸಂಸಾರ ಹೂಡಿದರು. ಯಾಗಪ್ಪ ಮಾತ್ರ ಪ್ರತಿ ಸಂಜೆ ಗಂಟೆ ಬಾರಿಸಿ ಜನರನ್ನು ಸೇರಿಸಿ, ಜಪಸರ ಮುಗಿದ ಮೇಲೆ ಸ್ವಾಮಿಗಳ ಆಯುಸ್ಸಿಗಾಗಿ ಒಂದು ಮಂತ್ರ ಹೇಳಿಸುತ್ತಿದ್ದ. ಸ್ಕೂಲಿನ ಮಕ್ಕಳಿಗೂ ಅದು ರೂಢಿಯಾಗಿ, ಯುದ್ಧ ಎಂದರೇನೆಂದು ತಿಳಿಯದ ಕೂಸುಗಳೂ "ಸಾಮ್ಯೋರ್ನ ಸುಖವಾಗಿ ಕರ್ಕೊಂಬಾ ತಾಯೀ" ಎಂದು ರಾಗವಾಗಿ ಹೇಳುತ್ತಿದ್ದವು.

ಯುದ್ಧದ ಕೊನೆಯ ವರ್ಷ ಮಳೆಯೂ ಹೋಯಿತು, ದಸರೆ ಕಳೆಯುತ್ತಲೇ ಜ್ವರವೂ ಬಂತು. ಮೊದಲು ಪಾವಗಡದ ಕಡೆ ಎಂದರು, ಆಮೇಲೆ ಸಿರಾದಲ್ಲಿ ಹೆಣ ಹೊರಲು ಜನ ಸಿಗುತ್ತಿಲ್ಲವೆಂದರು. ದೊಡ್ಡೂರಿನವರು ಅದನ್ನು ಯುದ್ಧದ ಜ್ವರ ಅಂದರು. ಬೆಳಿಗ್ಗೆ ಮೈಕೈ ನೋವೆಂದು ಮಲಗಿದ ಗಟ್ಟಿ ಆಳು ಮಾರನೆಯ ಸಂಜೆಗೆ ತುಟಿ ನೀಲಿಯಾಗಿ ಹೋಗಿಬಿಡುತ್ತಿದ್ದ. ಯಾಗಪ್ಪ ಸ್ಕೂಲು ಮುಚ್ಚಿದ. ಗಂಟೆ ಬಾರಿಸುವುದನ್ನೂ ನಿಲ್ಲಿಸಿದ. ಗಂಟೆ ಕೇಳಿದರೆ ಯಾರೋ ಸತ್ತರೆಂದು ಮಲಗಿದವರು ಇನ್ನಷ್ಟು ಹೆದರುತ್ತಿದ್ದರು.

ರೋಸಮ್ಮ ಮನೆಮನೆಗೆ ಗಂಜಿ ಹೊತ್ತು ತಿರುಗಿದಳು. ಬೇಡವೆಂದರೆ ಕೇಳುವವಳಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತವಳು ಏಳಲಿಲ್ಲ.

ಅವಳು ಮೊದಲು ಕೇಳಿದ್ದೇ, ಸಾಯುವ ಮೊದಲು ಪಾಪ ಹೇಳಿಕೊಳ್ಳಲು ಸ್ವಾಮಿಗಳು ಬೇಕೆಂದು. ದೊಡ್ಡೂರಿನ ಕದರಪ್ಪ ಗಾಡಿ ಹೊಡೆಯುವವನು. ತನ್ನ ಮನೆಯಲ್ಲೇ ಕಾಯಿಲೆ ಇದ್ದರೂ ಇಲ್ಲವೆನ್ನದೆ ಎತ್ತು ಕಟ್ಟಿಕೊಂಡು ತುಮಕೂರಿಗೆ ಹೋದ. ನಾಲ್ಕನೆಯ ದಿನ ವಾಪಸು ಬಂದಾಗ ಗಾಡಿ ಬರಿದಾಗಿತ್ತು.

"ಅವ್ರೂ ಮಲಗ್ಬುಟ್ಟವ್ರೆ ಮೇಷ್ಟ್ರೇ" ಎಂದ ಕದರಪ್ಪ, ನೊಗದಿಂದ ಎತ್ತು ಬಿಚ್ಚದೆಯೇ. "ಕಣ್ಣೂ ಬುಡ್ತಿಲ್ಲ. ಅಲ್ಲಿನೋರು ನನ್ನ ಬಾಗ್ಲಿಂದ್ಲೇ ಕಳಿಸಿದ್ರು."

ಯಾಗಪ್ಪ ಒಳಗೆ ಬಂದು ಹೇಳಬೇಕಾಗಲಿಲ್ಲ. ರೋಸಮ್ಮ ಕೇಳಿಸಿಕೊಂಡಿದ್ದಳು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಅವಳ ಚಾಪೆಯವರೆಗೆ ಬಂದಿತ್ತು. ಉಸಿರು ಎಳೆಯುವಾಗ ಎದೆಯೊಳಗೆ ನೀರು ಕುದಿಯುವಂತೆ ಸದ್ದಾಗುತ್ತಿತ್ತು.

"ಇಲ್ಬನ್ನಿ" ಎಂದಳು. ಅವನು ಪಕ್ಕದಲ್ಲಿ ಕೂತ. "ನಂದೊಂದೈತೆ. ಹೇಳ್ಕೊಳ್ದೆ ಹೋಗಾಕಾಗಲ್ಲ."

"ಹೇಳು."

"ಎರಡ್ನೇ ಮಗ ಮಲಗಿದ್ನಲ್ಲ, ಆವಾಗ ನೀವು ಸಿರಾಕ್ಕೆ ಹೋಗಿದ್ರಿ. ನಾನು ಕೂಸೆತ್ಕೊಂಡು ದೊಡ್ಡೂರ ಮಾರಮ್ಮನ ಗುಡಿಗೆ ಹೋಗ್ಬುಟ್ಟೆ. ಹರಕೆ ಕಟ್ದೆ. ಅಲ್ಲಿನ ಬೊಮ್ಮಕ್ಕ, ಕಷಾಯ ಕೊಡೋಳು, ಕರ್ಕೊಂಡೋಗಿದ್ಲು." ಅವಳು ಸ್ವಲ್ಪ ಹೊತ್ತು ಉಸಿರಿಗೆ ಕಾದಳು. "ಮಗೂನೂ ಉಳೀಲಿಲ್ಲ. ನಾಚ್ಕೆ ಆಯ್ತು. ಜ್ಞಾನಪ್ರಕಾಶ ಸಾಮ್ಯೋರ ಹತ್ರಾನೂ ಹೇಳ್ಲಿಲ್ಲ. ಹೇಳ್ಕೊಳ್ದೆ ತಗೋಬಾರ್ದು ಅಂತ ಗೊತ್ತಿದ್ದೂ, ಮುಚ್ಕೊಂಡೇ ಪೂಜೇಲಿ ಸತ್ಪ್ರಸಾದ ತಗೊಂಡೆ, ಇಷ್ಟು ವರ್ಷ."

ಯಾಗಪ್ಪನಿಗೆ ಅವಳ ತಪ್ಪು ದೊಡ್ಡದಾಗಿ ಕಾಣಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂಬುದೇ ದೊಡ್ಡದಾಗಿ ಕಂಡಿತು. "ದೇವರಿಗೆ ಗೊತ್ತು ರೋಸಿ. ಪಶ್ಚಾತ್ತಾಪದ ಜಪ ಹೇಳೋಣ, ನನ್ನ ಜೊತೆ ಹೇಳು" ಎಂದ.

"ಜಪ ಅಲ್ಲ. ಆ ಮಾತು ಹೇಳ್ಬುಡಿ. ಪಾಪ ಬಿಡ್ಸಾಕೆ ಸಾಮ್ಯೋರು ಕೊನೇಗೆ ಕೈಯೆತ್ತಿ ಹೇಳ್ತಾರಲ್ಲ, ಅದು. ನಿಮ್ಗೆ ಬರ್ತದೆ. ನಿದ್ದೇಲಿ ಹೇಳೋದ ಕೇಳೀನಿ."

ನಿದ್ದೆಯಲ್ಲಿ ತಾನು ಅದನ್ನು ಹೇಳುತ್ತೇನೆಂದು ಅವನಿಗೆ ತಿಳಿದಿರಲಿಲ್ಲ.

"ಗುರುಪಟ್ಟ ಆದವರು ಮಾತ್ರ ಹೇಳಬೇಕಾದ್ದು ಅದು. ನಾನು ಹೇಳಿದರೆ ಬರೀ ಮಾತಾಗುತ್ತೆ. ಸುಳ್ಳಾಗುತ್ತೆ."

"ಸುಳ್ಳೇ ಆಗ್ಲಿ, ಹೇಳಿ. ನನ್ನ ಕಿವೀಗೆ ಬೀಳ್ಲಿ."

ಯಾಗಪ್ಪ ಅವಳ ಕೈ ಹಿಡಿದುಕೊಂಡು ಪಶ್ಚಾತ್ತಾಪದ ಜಪ ಶುರು ಮಾಡಿದ. ಅವಳು ಅರ್ಧದವರೆಗೆ ತುಟಿ ಆಡಿಸಿದಳು. ಆಮೇಲೆ ನಿಲ್ಲಿಸಿ, ಅವನ ಮುಖವನ್ನೇ ನೋಡಿದಳು. ಅವನು ಒಬ್ಬನೇ ಜಪ ಮುಗಿಸಿದ. ರೋಸಮ್ಮ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಹೊತ್ತು ಮುಳುಗುವ ಮೊದಲು ಹೋದಳು, ತಿರುಗಿದವಳು ಮತ್ತೆ ಈ ಕಡೆ ಮುಖ ಮಾಡಲಿಲ್ಲ. ಗಂಜಿಯ ಕುಡಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತೆರೇಸ ಎಲ್ಲವನ್ನೂ ಕೇಳಿದ್ದಳು.

ಮಣ್ಣು ಮಾಡಿ ಬಂದ ಮರುದಿನ ಚೌರಪ್ಪ ಬಾಗಿಲಿಗೆ ಬಂದ. ಪಾಳ್ಯದಲ್ಲಿ ಸ್ವಲ್ಪ ಅನುಕೂಲಸ್ಥ ರೈತ ಅವನೇ. ಭಾನುವಾರ ಜಪಕ್ಕೆ ಮುಂದೆ ನಿಲ್ಲುವವನು. ತಾಯಿಗೆ ಜೋರಾಗಿದೆ, ಬನ್ನಿ ಎಂದ. ಯಾಗಪ್ಪ ಹೋದ. ಮುದುಕಿಗೆ ಜ್ವರ ತಲೆಗೇರಿತ್ತು. ಒಳಗೆ ಬಂದವನನ್ನು ಕಂಡು ಅವಳ ಮುಖ ಅರಳಿತು.

"ಬಂದ್ರಾ ಸಾಮಿ? ಬತ್ತೀರಿ ಅಂತ ನಂಗೊತ್ತಿತ್ತು" ಎಂದಳು. ಅವನನ್ನು ಜ್ಞಾನಪ್ರಕಾಶ ಸ್ವಾಮಿಗಳೆಂದೇ ತಿಳಿದಿದ್ದಳು. ಯಾಗಪ್ಪ ಬಾಯಿ ತೆರೆಯುವ ಮೊದಲೇ ಪಾಪಗಳನ್ನು ಹೇಳತೊಡಗಿದಳು: ಸೊಸೆಗೆ ಹೊಟ್ಟೆಗೆ ಹಾಕದೆ ಮಲಗಿಸಿದ್ದು, ಬರಗಾಲದಲ್ಲಿ ತಮ್ಮನ ಕೈಯಿಂದ ರೊಟ್ಟಿ ಕಿತ್ತುಕೊಂಡು ತಿಂದದ್ದು, ಆ ತಮ್ಮ ಬದುಕಲಿಲ್ಲದ್ದು. ಹೇಳಿ ಮುಗಿಸಿ ತಲೆ ಬಾಗಿಸಿ ಕಾದಳು.

ಯಾಗಪ್ಪ ಆ ಬಿಳಿತಲೆಯನ್ನು ನೋಡಿದ. ಮೊನ್ನೆ ಗೋಡೆಯ ಕಡೆ ತಿರುಗಿದ ತಲೆ ಅವನ ಕಣ್ಣಿಗೆ ಕಟ್ಟಿತ್ತು. ಅವನ ಬಲಗೈ ತಾನಾಗಿ ಮೇಲೆದ್ದಿತು. "ಎಗೋ ತೆ ಅಬ್ಸೋಲ್ವೋ", ನಿನ್ನನ್ನು ಪಾಪದಿಂದ ಬಿಡಿಸುತ್ತೇನೆ, ಎಂದು ಶುರುವಾದ ಲ್ಯಾಟಿನ್ ಮಾತು ಕೊನೆಯವರೆಗೆ ಎಲ್ಲೂ ತಡೆಯದೆ ಬಂತು. ಮುದುಕಿಯ ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. ಮಗುವಿನ ಹಾಗೆ ನಿದ್ದೆ ಹೋದಳು, ನಿದ್ದೆಯಲ್ಲೇ ಹೋದಳು.

ಚೌರಪ್ಪ ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ. ಅವನು ಕೇಳಿದ್ದು ಒಂದೇ: "ನಿಮ್ಗೆ ಅಪ್ಪಣೆ ಐತಾ ಮೇಷ್ಟ್ರೇ?"

ಯಾಗಪ್ಪ ಇಲ್ಲ ಅನ್ನಬಹುದಿತ್ತು. "ಹೊರಡುವಾಗ ಸ್ವಾಮಿಗಳು ಇವರು ನಿನ್ನ ವಶ ಅಂದರು" ಎಂದ. ಅದು ನಿಜವೇ ಆಗಿತ್ತು. ಆದರೆ ಅವನು ಹೇಳಿದ ರೀತಿಯಲ್ಲಿ ಅದು ಸುಳ್ಳಾಗಿತ್ತು, ಅದೂ ಅವನಿಗೆ ಗೊತ್ತಿತ್ತು.

ಸುದ್ದಿ ಪಾಳ್ಯದ ತುಂಬ ಹರಡಲು ಹೊತ್ತು ಹಿಡಿಯಲಿಲ್ಲ. ಇನ್ನೊಂದು ಮನೆಯವರು ಕರೆದರು, ಮತ್ತೊಂದು ಮನೆಯವರು ಕರೆದರು. ಮೊದಮೊದಲು ಅವನು ದನಿ ತಗ್ಗಿಸಿ ಹೇಳುತ್ತಿದ್ದ. ಆಮೇಲೆ ಸ್ವಾಮಿಗಳು ಬಿಟ್ಟುಹೋಗಿದ್ದ ಪೆಟ್ಟಿಗೆ ತೆರೆದು, ಪಾಪನಿವೇದನೆ ಕೇಳುವಾಗ ಅವರು ಕೊರಳಿಗೆ ಹಾಕುತ್ತಿದ್ದ ಊದಾ ಬಣ್ಣದ ಪಟ್ಟಿಯನ್ನು ತೆಗೆದುಕೊಂಡ. ಅದನ್ನು ಹಾಕಿಕೊಂಡು ಬಾಗಿಲು ಹೊಕ್ಕರೆ ನರಳುತ್ತಿದ್ದವರು ಸುಮ್ಮನಾಗುತ್ತಿದ್ದರು. ಯುವಕರು, ಬಾಣಂತಿಯರು, ಮೊನ್ನೆಯವರೆಗೆ ಅವನ ಮುಂದೆ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿಯರು, ಎಲ್ಲರೂ ಅವನ ಕಿವಿಗೆ ತಮ್ಮದನ್ನು ಹೇಳಿ, ಕೈಯೆತ್ತುವುದನ್ನು ಕಂಡು, ಹಗುರಾಗಿ ಹೋದರು. ಹಗಲೆಲ್ಲ ಗುಂಡಿ ತೋಡುವುದು, ಕರೆ ಬಂದಲ್ಲಿಗೆ ಓಡುವುದು. ಆ ದಿನಗಳಲ್ಲಿ ಅವನಿಗೆ ಹಸಿವಾಗಲಿಲ್ಲ, ದಣಿವಾಗಲಿಲ್ಲ. ಎದೆಯೊಳಗೆ ಎಲ್ಲೋ, ಹೆಣಗಳ ನಡುವೆ ನಿಂತೂ, ಒಂದು ಸುಖ ಇತ್ತು. ಬಹಳ ಕಾಲ ಬೇಡವೆಂದು ಮುಚ್ಚಿದ್ದ ಬಾಗಿಲು ತೆರೆದ ಹಾಗೆ. ಆಮೇಲಿನ ವರ್ಷಗಳಲ್ಲಿ ಅವನನ್ನು ತಿಂದದ್ದು ಆ ಸುಖವೇ.

ಚಳಿ ಬೀಳುವ ಹೊತ್ತಿಗೆ ಜ್ವರ ಹೋಯಿತು. ಬದುಕಿದವರು ಮಳೆಯಿಲ್ಲದೆ ಸೊರಗಿ ನಿಂತಿದ್ದ ರಾಗಿಯನ್ನು ಕೊಯ್ದರು. ಸ್ಕೂಲು ತೆರೆದಾಗ ಕೋಣೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ ಉಳಿಯಿತು, ಮಕ್ಕಳು ಅದನ್ನು ತುಂಬಿಕೊಳ್ಳದೆ ಬಿಟ್ಟು ಕೂರುತ್ತಿದ್ದರು. ಪಾಳ್ಯದವರು ಯಾಗಪ್ಪನನ್ನು ಈಗ ಬೇರೆ ಕಣ್ಣಿಂದ ನೋಡುತ್ತಿದ್ದರು. ಹೆಂಗಸರು ಅವನು ಎದುರಾದರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದರು, ಸ್ವಾಮಿಗಳಿಗೆ ನಿಲ್ಲುವ ಹಾಗೆ.

ತೆರೇಸ ಅಡಿಗೆ ಮಾಡುತ್ತಿದ್ದಳು, ನೀರು ತರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ಸಂಜೆ ಅವನ ಮುಂದೆ ಮುದ್ದೆಯ ತಣಿಗೆ ಇಟ್ಟು, ಅಲ್ಲೇ ನಿಂತಳು.

"ಅವರ್ಗೆಲ್ಲ ಹೇಳ್ದೆ ನೀನು" ಎಂದಳು. "ಅವ್ವಂಗ್ಯಾಕೆ ಹೇಳ್ಲಿಲ್ಲ?"

ಯಾಗಪ್ಪ ಮುದ್ದೆ ಮುರಿದವನು ಹಾಗೇ ಕೂತ. ನಿಮ್ಮವ್ವನಿಗೆ ಹೇಳದೆ ಹೋದದ್ದಕ್ಕೇ ಉಳಿದವರಿಗೆಲ್ಲ ಹೇಳಿದೆ ಎಂಬ ಉತ್ತರ ಬಾಯಿಯವರೆಗೆ ಬಂತು. ಅದರಿಂದ ಯಾರಿಗೂ ಏನೂ ಸಿಗದು ಅನ್ನಿಸಿತು. ಮಗಳು ಇನ್ನಷ್ಟು ಹೊತ್ತು ಕಾದು, ಕೊಡ ಎತ್ತಿಕೊಂಡು ಹೊರಗೆ ಹೋದಳು.

ಯುದ್ಧ ಮುಗಿದಿದೆ ಎಂದು ಸಿರಾದ ಸಂತೆಯಲ್ಲಿ ಕೇಳಿಬಂತು. ಸಂಜೆಯ ಜಪ ಜೋರಾಯಿತು. ಒಂದು ಬೇಸಿಗೆ ಕಳೆಯಿತು, ಇನ್ನೊಂದು ಬಂತು. ಕೊನೆಗೆ ಒಂದು ದಿನ ಕದರಪ್ಪನ ಗಾಡಿಯಲ್ಲಿ ಒಬ್ಬ ಸ್ವಾಮಿಗಳು ಬಂದಿಳಿದರು. ಮಕ್ಕಳು ಕೂಗುತ್ತ ಓಡಿದವು. ಹತ್ತಿರ ಹೋಗಿ ನೋಡಿದರೆ ನಮ್ಮ ದೇಶದವರೇ, ವಯಸ್ಸು ಚಿಕ್ಕದು, ಹೊಸದಾಗಿ ಪಟ್ಟವಾದವರು. ಜನರನ್ನು ಕೂರಿಸಿ, ಜ್ಞಾನಪ್ರಕಾಶ ಸ್ವಾಮಿಗಳು ಯುದ್ಧದ ಮೊದಲ ಚಳಿಗಾಲದಲ್ಲೇ, ಗಾಯಾಳುಗಳನ್ನು ಹೊತ್ತು ತರುವಾಗ, ಗುಂಡು ತಗುಲಿ ತೀರಿಕೊಂಡರೆಂದು ಹೇಳಿದರು. ಯಾರೂ ಅಳಲಿಲ್ಲ. ಇಷ್ಟು ವರ್ಷ ದಿನಾ ಸಂಜೆ ಸತ್ತವರ ಆಯುಸ್ಸಿಗಾಗಿ ಬೇಡಿಕೊಂಡಿದ್ದೆವು ಎಂಬುದನ್ನು ಒಬ್ಬೊಬ್ಬರೂ ಒಳಗೊಳಗೇ ಅರಗಿಸಿಕೊಳ್ಳುತ್ತಿದ್ದರು.

ಅಂದೇ ಯಾಗಪ್ಪ ಹೊಸ ಸ್ವಾಮಿಗಳ ಮುಂದೆ ಮೊಣಕಾಲೂರಿದ. ಹೇಳಲು ಶುರು ಮಾಡಿದಾಗ ಸ್ವಾಮಿಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಎಲ್ಲೋ ಕಣ್ಣು ತೆರೆದರು.

"ಪಟ್ಟಿಯನ್ನೂ ಹಾಕಿಕೊಂಡೆಯಾ?"

"ಹಾಕಿಕೊಂಡೆ ಸ್ವಾಮಿ."

"ನಿನಗೆ ಅಪ್ಪಣೆ ಇದೆ ಎಂದು ಜನ ನಂಬಿದರೇ?"

"ನಂಬಿಸಿದೆ."

ಸ್ವಾಮಿಗಳು ಕೆಟ್ಟವರಲ್ಲ. ಈ ತಪ್ಪನ್ನು ಬಿಡಿಸುವ ಅಧಿಕಾರ ತಮ್ಮಂಥವರಿಗೆ ಇಲ್ಲ, ಹೆಸರು ಹೇಳದೆ ಬಿಷಪ್ಪರಂಥ ದೊಡ್ಡವರನ್ನು ಕೇಳಬೇಕು, ಅಲ್ಲಿಯವರೆಗೆ ಸತ್ಪ್ರಸಾದ ತೆಗೆದುಕೊಳ್ಳುವಂತಿಲ್ಲ ಎಂದರು. "ಇನ್ನೊಂದಿದೆ ಯಾಗಪ್ಪ. ಜನ ಸುಳ್ಳನ್ನು ನಂಬಿಕೊಂಡಿದ್ದಾರೆ. ಆ ಸುಳ್ಳನ್ನು ನೀನೇ ತೆಗೆಯಬೇಕು. ನಾನು ಇಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳುವ ಹಾಗಿಲ್ಲ. ನೀನು ಹೇಳಬೇಕು."

"ಸತ್ತವರ ಗತಿ ಏನು ಸ್ವಾಮಿ?"

"ದೇವರ ಕರುಣೆಗೆ ನಮ್ಮ ಮಾತಿನ ಕಟ್ಟಿಲ್ಲ. ಮನಸಾರೆ ಮರುಗಿದವರನ್ನು ಅವನು ಬಿಡುವುದಿಲ್ಲ."

"ಅರ್ಧ ಜಪದಲ್ಲಿ ನಿಲ್ಲಿಸಿದವರನ್ನು?"

ಸ್ವಾಮಿಗಳಿಗೆ ಅದು ಅರ್ಥವಾಗಲಿಲ್ಲ. ಯಾಗಪ್ಪ ಎದ್ದುಬಿಟ್ಟ.

ಭಾನುವಾರ ಪೂಜೆ ಮುಗಿದ ಮೇಲೆ ಅವನು ಎದ್ದು ಪೀಠದ ಮೆಟ್ಟಿಲ ಕೆಳಗೆ ನಿಂತ. ಗುರುಮಠದಿಂದ ಬಂದಂದಿನಿಂದ ಅವನು ನಿಂತು ಪಾಠ ಹೇಳಿದ್ದ ಜಾಗವೇ ಅದು. ಜ್ವರದ ಕಾಲದಲ್ಲಿ ತಾನು ಹೇಳಿದ ಮಾತಿಗೆ ಶಕ್ತಿ ಇರಲಿಲ್ಲ, ತನಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ, ಗೊತ್ತಿದ್ದೂ ಹೇಳಿದೆ, ಕ್ಷಮಿಸಿ ಎಂದ. ಹೊಸ ಸ್ವಾಮಿಗಳು ಎದ್ದು ದೇವರ ಕರುಣೆಯ ಬಗ್ಗೆ ಒಳ್ಳೆಯ ಮಾತು ಹೇಳಿದರು. ಅದನ್ನು ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ.

ಹೊಂಗೆಯ ಮರದ ಕೆಳಗೆ ಚೌರಪ್ಪ ಕಾದಿದ್ದ. ಯಾಗಪ್ಪ ಬೈಗುಳಕ್ಕೆ ಸಿದ್ಧನಾಗಿ ಹತ್ತಿರ ಹೋದ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದ.

"ಯಾಕ್ ಹೇಳಿದ್ರಿ ಮೇಷ್ಟ್ರೇ?" ಎಂದ ಚೌರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮವ್ವ ನಗ್ತಾ ಹೋದ್ಲು. ಅದೊಂದು ನಂಗೆ ಉಳ್ದಿತ್ತು. ನೀವು ಮಾಡಿದ್ದು ತಪ್ಪೋ ಸರಿಯೋ, ನಿಮ್ಮತ್ರಾನೇ ಇಟ್ಕೋಬೋದಾಗಿತ್ತು. ನಿಮ್ಮ ಎದೆ ಭಾರ ಇಳೀಲಿ ಅಂತ ನಮ್ಮೆಲ್ರ ತಲೆ ಮೇಲೆ ಹಾಕ್ಬುಟ್ರಿ."

"ಸುಳ್ಳನ್ನು ಇಟ್ಟುಕೊಂಡು ಹೇಗೆ…"

"ಹೆಂಗೋ ಇಟ್ಕೋಬೇಕಿತ್ತು."

ಯಾಗಪ್ಪನಿಗೆ ಆ ಕ್ಷಣ ಕಂಡದ್ದನ್ನು ಅವನು ಮತ್ತೆ ಮರೆಯಲಿಲ್ಲ. ರೋಸಮ್ಮ ಕೇಳಿದಾಗ ಸತ್ಯ ಉಳಿಸಿಕೊಂಡು ಅವಳನ್ನು ಬಿಟ್ಟಿದ್ದ. ಮುದುಕಿ ಕೇಳಿದಾಗ ಸತ್ಯವನ್ನು ಬಿಟ್ಟಿದ್ದ. ಈಗ ಮತ್ತೆ ಸತ್ಯ ಹಿಡಿಯಲು ಹೋಗಿ ಆ ಮುದುಕಿಯ ನಗುವನ್ನೂ ಕಿತ್ತುಕೊಂಡಿದ್ದ. ಯಾವ ಕಡೆ ಹೆಜ್ಜೆಯಿಟ್ಟರೂ ಅಲ್ಲಿ ಯಾರದೋ ಮೈ ಇತ್ತು.

ಆಮೇಲೆ ಆದದ್ದೆಲ್ಲ ಒಂದೇ ಸಲಕ್ಕೆ ಆಗಲಿಲ್ಲ. ದೊಡ್ಡವರಿಂದ ಕ್ಷಮೆ ಬಂತು, ಅದರ ಜೊತೆಗೆ ಇನ್ನು ಮುಂದೆ ಉಪದೇಶಿಯಾಗಲಿ ಮೇಷ್ಟ್ರಾಗಲಿ ಆಗಿರಬಾರದೆಂಬ ಮಾತೂ ಬಂತು. ಅಷ್ಟರಲ್ಲಿ ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡಿದ್ದರು. ಬದಲಿಗೆ ಕಳಿಸಿದ ಮೇಷ್ಟ್ರಿಗೆ ಅಲ್ಲಿನ ಉಪ್ಪುನೀರು ಒಗ್ಗಲಿಲ್ಲ, ಬೇಸಿಗೆಗೆ ಮೊದಲೇ ಹೋದ. ದೊಡ್ಡೂರಿನಲ್ಲಿ ಸರ್ಕಾರದ ಸ್ಕೂಲು ತೆರೆಯಿತು, ಓಬಳಯ್ಯನ ಮೊಮ್ಮಕ್ಕಳು ಅಲ್ಲಿ ಸೇರಿದರು, ಪಾಳ್ಯದ ಮಕ್ಕಳೂ ಸೇರಿದವು. ಕೋಲಾರದ ಚಿನ್ನದ ಗಣಿಯಲ್ಲಿ ಕೂಲಿ ಸಿಗುತ್ತದೆಂದು ಕೆಲವು ಸಂಸಾರಗಳು ಗಂಟು ಕಟ್ಟಿದವು. ಇನ್ನು ಕೆಲವರು ಮೊದಲು ಮರೆಯಲ್ಲಿ, ಆಮೇಲೆ ಎಲ್ಲರಿಗೂ ಕಾಣುವಂತೆ, ಮಾರಮ್ಮನ ಗುಡಿಗೆ ಕೋಳಿ ಒಯ್ದರು. ಅವರನ್ನು ತಡೆಯಲು ಯಾಗಪ್ಪನಿಗೆ ಬಾಯಿ ಇರಲಿಲ್ಲ. ಹಾಗೆ ಹೋಗುವ ಹೆಂಗಸರನ್ನು ಕಂಡಾಗಲೆಲ್ಲ ಕೂಸನ್ನು ಎದೆಗವಚಿಕೊಂಡು ಓಡುವ ರೋಸಮ್ಮ ಕಾಣುತ್ತಿದ್ದಳು.

ತೆರೇಸ ಬೆಂಗಳೂರಿನಲ್ಲಿ ಕನ್ಯಾಸ್ತ್ರೀಯರು ನಡೆಸುವ ಅನಾಥಾಲಯಕ್ಕೆ ಕೆಲಸಕ್ಕೆ ಹೋಗುತ್ತೇನೆಂದಳು. ಅವನು ಸಿರಾದ ತನಕ ಜೊತೆಗೆ ನಡೆದ. ಮೋಟಾರು ಬಸ್ಸು ಬರುವವರೆಗೆ ಇಬ್ಬರೂ ಛತ್ರದ ಜಗಲಿಯ ಮೇಲೆ ಕೂತಿದ್ದರು. ಅವಳು ಗಂಟು ಬಿಚ್ಚಿ ಬುತ್ತಿಯಲ್ಲಿ ಅರ್ಧ ಅವನಿಗೆ ಕೊಟ್ಟಳು.

"ಒಬ್ನೇ ಏನ್ ಮಾಡ್ಕ ತಿಂತೀಯ?" ಎಂದಳು.

"ಹೆಂಗೋ ಆಗುತ್ತೆ."

"ಕೆಮ್ಮು ಬಂದ್ರೆ ಬೊಮ್ಮಕ್ಕನ್ನ ಕೇಳು. ಕಷಾಯ ಕಾಸ್ಕೊಡ್ತಾಳೆ."

ಬಸ್ಸು ಹೊರಟಾಗ ಕಿಟಕಿಯಿಂದ ಕೈ ಹೊರಗೆ ಹಾಕಿದಳು, ಬೀಸಲಿಲ್ಲ. ಕೆಲವು ವರ್ಷಗಳ ಮೇಲೆ ಅವಳೂ ಕನ್ಯಾಸ್ತ್ರೀಯಾದಳೆಂದು ತಿಳಿಯಿತು. ಹೊಸ ಹೆಸರು ಕೊಟ್ಟಿದ್ದಾರಂತೆ. ಆ ಹೆಸರನ್ನು ಹೇಳಿದವರಿಗೆ ಅದು ಸರಿಯಾಗಿ ನೆನಪಿರಲಿಲ್ಲ.

ಯಾಗಪ್ಪ ಪಾಳ್ಯ ಬಿಡಲಿಲ್ಲ. ಬೇರೆ ಎಲ್ಲಿಗೆ ಹೋಗಬೇಕೋ ಅವನಿಗೆ ತಿಳಿಯಲಿಲ್ಲ. ಒಂದು ಹೊಲ ಪಾಲಿಗೆ ಮಾಡಿಕೊಂಡು ಹುರುಳಿ ಬೆಳೆಯುತ್ತಿದ್ದ, ಖಾಲಿ ಕೋಣೆಯ ಕಸ ಗುಡಿಸುತ್ತಿದ್ದ. ವರ್ಷಕ್ಕೊಂದೆರಡು ಸಲ ಸ್ವಾಮಿಗಳು ಬಂದಾಗ ಪೂಜೆಗೆ ಲ್ಯಾಟಿನ್ನಿನಲ್ಲಿ ಮಾರುತ್ತರ ಹೇಳಬಲ್ಲವರು ಬೇರೆ ಇಲ್ಲದ್ದರಿಂದ ಅವನೇ ಹಿಂದೆ ನಿಂತು ಹೇಳುತ್ತಿದ್ದ. ಕ್ಷಮೆ ಸಿಕ್ಕ ಮೇಲೆ ಸತ್ಪ್ರಸಾದ ತೆಗೆದುಕೊಳ್ಳಬಹುದಾಗಿತ್ತು. ನಾಲಿಗೆ ಚಾಚಿ ತೆಗೆದುಕೊಳ್ಳುತ್ತಿದ್ದ. ಒಣಗಿದ ಹಿಟ್ಟಿನ ರುಚಿ ಬಿಟ್ಟು ಬೇರೆ ಏನೂ ತಿಳಿಯುತ್ತಿರಲಿಲ್ಲ. ಮೊದಲು ಇದಕ್ಕೆ ಹೆದರಿದ, ಆಮೇಲೆ ಹೆದರಿಕೆಯೂ ಹೋಯಿತು. ಸಂಜೆ ಜಪಸರ ಕೈಯಲ್ಲಿ ಹಿಡಿದು ಹೊಸಲಿನ ಮೇಲೆ ಕೂರುತ್ತಿದ್ದ, ಮಣಿಗಳು ಸರಿಯುತ್ತಿರಲಿಲ್ಲ.

ಮುದಿತನದಲ್ಲಿ ಅವನ ಎದೆ ಕೆಟ್ಟಿತು. ಒಂದು ಕ್ರಿಸ್‌ಮಸ್ ಹತ್ತಿರ ಹಾಸಿಗೆ ಹಿಡಿದ. ಆ ಹೊತ್ತಿಗೆ ಹಬ್ಬದ ಪೂಜೆಗೆಂದು ಸ್ವಾಮಿಗಳು ಪಾಳ್ಯಕ್ಕೆ ಬಂದಿದ್ದರು. ಜ್ವರದ ವರ್ಷ ಸತ್ತ ಯಾರಿಗೂ ಸಿಗದ ಭಾಗ್ಯ ಅದು. ಅದೇ ಸ್ವಾಮಿಗಳು, ಈಗ ಕಿವಿಯ ಪಕ್ಕ ನರೆ ಬಂದಿತ್ತು. ಸುದ್ದಿ ತಿಳಿದ ಕೂಡಲೇ ಸಾಯುವವರಿಗೆ ಹಚ್ಚುವ ಎಣ್ಣೆಯ ಸಣ್ಣ ಡಬ್ಬಿ ಹಿಡಿದು ಬಂದರು. ಚೌರಪ್ಪನೂ ಹಿಂದೆ ಬಂದು ಬಾಗಿಲಲ್ಲಿ ನಿಂತ. ಹಗಲು ಹೊತ್ತು, ಹೊರಗೆ ಹೆಂಗಸರು ಹಬ್ಬಕ್ಕೆ ಅಂಗಳ ಸಾರಿಸುತ್ತಿದ್ದರು.

"ಯಾಗಪ್ಪ, ನಿವೇದನೆ ಮಾಡುತ್ತೀಯಾ?"

"ಬೇಡ ಸ್ವಾಮಿ."

"ಬೇಡ ಅಂದರೆ?"

"ಅದಿಲ್ಲದೆ ರೋಸಮ್ಮ ಹೋದಳು. ನಾನಿದ್ದೂ ಹೋದಳು." ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದ. "ಅವಳು ಎಲ್ಲಿಗೆ ಹೋಗಿದ್ದಾಳೋ ಅಲ್ಲಿಗೇ ಹೋಗ್ತೀನಿ. ಒಳ್ಳೇ ಜಾಗ ಆದ್ರೆ ಇಬ್ಬರಿಗೂ ಒಳ್ಳೇದು. ಇಲ್ಲಾಂದ್ರೆ ಇಬ್ರೂ ಇರ್ತೀವಿ."

ಸ್ವಾಮಿಗಳು ಹಾಸಿಗೆಯ ಪಕ್ಕ ಕೂತು ಬಹಳ ಬೇಡಿಕೊಂಡರು. ಅವಳು ಸ್ವರ್ಗದಲ್ಲೇ ಇರಬಹುದಲ್ಲ, ನೀನು ಈ ಹಟದಿಂದ ಅವಳಿಂದಲೇ ದೂರವಾಗಿಬಿಟ್ಟರೆ ಎಂದರು. ಯಾಗಪ್ಪ ಅದನ್ನು ಯೋಚಿಸಿದ ಹಾಗೆ ಕಂಡಿತು. ಚೌರಪ್ಪ ಬಾಗಿಲಿಂದ, "ಹೇಳ್ಕೊಂಡ್ಬುಡಿ ಮೇಷ್ಟ್ರೇ, ಯಾಕಿಂಗ್ ಮಾಡ್ತೀರಿ" ಎಂದ. ಆ ಭಾನುವಾರದ ಮೇಲೆ ಚೌರಪ್ಪ ಅವನೊಡನೆ ಆಡಿದ ಮೊದಲ ಮಾತು ಅದು. ಯಾಗಪ್ಪ ಅವನ ಕಡೆ ಕಣ್ಣು ತಿರುಗಿಸಿ, ತಲೆಯಲ್ಲಾಡಿಸಿದ.

ಮಧ್ಯಾಹ್ನ ಕಳೆಯುತ್ತಲೇ ಎಚ್ಚರ ತಪ್ಪಿತು. ಆಗ ಸ್ವಾಮಿಗಳು ಡಬ್ಬಿ ತೆರೆದು, ಕಣ್ಣಿಗೆ, ಕಿವಿಗೆ, ತುಟಿಗೆ, ಅಂಗೈಗೆ ಎಣ್ಣೆ ಹಚ್ಚಿ, ಪಾಪಕ್ಷಮೆಯ ಮಾತನ್ನೂ ಹೇಳಿದರು. ಎಚ್ಚರವಿಲ್ಲದವರಿಗೆ ಹಾಗೆ ಮಾಡಬಹುದು. ಬೇಡವೆಂದವನಿಗೆ ಮಾಡಬಹುದೇ ಎಂಬುದು ಅವರಿಗೂ ನಿಶ್ಚಯವಿರಲಿಲ್ಲವೆಂದು ಕಾಣುತ್ತದೆ; ಹೊರಗೆ ಬಂದು ಜಗಲಿಯ ಮೇಲೆ ಕೂತವರು ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಿದ್ದರು.

ರೋಸಮ್ಮನ ಪಕ್ಕದಲ್ಲಿ ಜಾಗ ಇರಲಿಲ್ಲ. ಜ್ವರದ ವರ್ಷ ಒಂದಕ್ಕೊಂದು ತಾಗಿಸಿ ತೋಡಿದ ಗುಂಡಿಗಳು ಆ ಸಾಲನ್ನೆಲ್ಲ ತುಂಬಿದ್ದವು. ಎಲ್ಲವನ್ನೂ ತೋಡಿದವನು ಅವನೇ. ಹಾಗಾಗಿ ಅವನನ್ನು ಕತ್ತಾಳೆ ಬೇಲಿಯ ಹತ್ತಿರ ಮಣ್ಣು ಮಾಡಿದರು. ಬೆಂಗಳೂರಿಗೆ ಹೇಳಿಕಳಿಸಿದ್ದರು. ಮಗಳು ಬರುವ ಹೊತ್ತಿಗೆ ಹಬ್ಬ ಮುಗಿದಿತ್ತು. ಕರಿಯ ನಿಲುವಂಗಿಯ ಆ ಹೆಂಗಸನ್ನು ಪಾಳ್ಯದ ಮಕ್ಕಳು ಗುರುತಿಸಲಿಲ್ಲ. ಅವಳು ಮೊದಲು ತಾಯಿಯ ಹತ್ತಿರ ಹೋಗಿ ಮೊಣಕಾಲೂರಿದಳು, ಆಮೇಲೆ ಬೇಲಿಯ ಹತ್ತಿರ ಬಂದು ನಿಂತಳು. ಚೌರಪ್ಪ ಅವಳಿಗೆ ನಡೆದದ್ದನ್ನು ಹೇಳಿದ, ಅವಳ ತಾಯಿ ಹೋದಲ್ಲಿಗೇ ಹೋಗುತ್ತೇನೆಂದು ಬೇಡ ಅಂದದ್ದನ್ನೂ ಹೇಳಿದ. ಅವಳು ಕೇಳಿಸಿಕೊಂಡು, "ಅಣ್ಣ, ಬಸ್ ಎಷ್ಟೊತ್ತಿಗೆ?" ಎಂದಳು.